ಅವ್ವನ ಬೆರಳಿಗೆ ತೆರೆಯದ ಬೀಗ: 20 ತಿಂಗಳ ಬಳಕೆಯ ನಂತರ

ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಗೆ ಈ ಸ್ಮಾರ್ಟ್ ಲಾಕ್ ಹಾಕಿಸಿ 20 ತಿಂಗಳಾಯ್ತು. ಫಿಂಗರ್‌ಪ್ರಿಂಟ್, ಪಿನ್, ಕಾರ್ಡ್, ಆಪ್ ಎಲ್ಲ ಡಬ್ಬಿ ಮೇಲೇ ಬರೆದಿರ್ತಾರೆ, ಅದು ಬಿಡಿ. ದಿನಕ್ಕೆ ಎಲ್ಲರಿಗಿಂತ ಹೆಚ್ಚು ಸಲ ಹೊಸ್ತಿಲು ದಾಟೋಳು ನಮ್ಮವ್ವ, ಅವಳ ಬೆರಳೇ ಇದಕ್ಕೆ ಗುರುತು ಸಿಗಲ್ಲ.

ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ಕತ್ತರಿಸಿ ಅವ್ವನ ಬೆರಳ ಗೆರೆ ಸವೆದಿವೆ. ರೇಷನ್ ಅಂಗಡಿಯಲ್ಲೂ ಮೂರು ಸಲ ಹೆಬ್ಬೆಟ್ಟು ಒತ್ತಿಸ್ತಾರೆ. ಬೆಳಿಗ್ಗೆ ಐದೂವರೆಗೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ ಏಳೋಷ್ಟರಲ್ಲಿ ಗಾಳಿಗೆ ಬಾಗಿಲು ಮುಚ್ಚಿ ಆಟೋಲಾಕ್ ಬಿದ್ದಿರುತ್ತೆ. ಸೆರಗಿಗೆ ಕೈ ಒರೆಸಿ ಒತ್ತುತ್ತಾಳೆ, ಕೆಂಪು ದೀಪ. ಬೆರಳಿಗೆ ಉಫ್ ಅಂತ ಊದಿ ಒತ್ತುತ್ತಾಳೆ, ಮತ್ತೆ ಕೆಂಪು ದೀಪ. ಐದು ಸಲ ತಪ್ಪಿದ್ರೆ ಕೀಪ್ಯಾಡೂ ಸೇರಿ ಮೂರು ನಿಮಿಷ ಬಂದ್. "ನಾ ಕಟ್ಟಿಸಿದ ಮನ್ಯಾಗ ನನ್ನ ನೀ ಯಾರಂತ ಕೇಳ್ತೈತಲ್ಲೋ ಇದು!"

ಸರಿ, ಪಿನ್ ಕಲಿಸಿದೆ. ಆಗ ಇನ್ನೊಂದು ಹುಳುಕು ಕಂಡಿತು. ನಮ್ಮೂರ ಧೂಳು ಗೊತ್ತಲ್ಲ, ಕೀಪ್ಯಾಡ್ ಮೇಲೆ ಕೂತರೆ ದಿನಾ ಒತ್ತೋ ನಾಲ್ಕು ಅಂಕಿ ಮಾತ್ರ ಫಳಫಳ ಹೊಳೀತವೆ. ನಾಲ್ಕು ಅಂಕಿ ಯಾವುವು ಅಂತ ತಿಳಿದ ಕಳ್ಳನಿಗೆ ಹತ್ತು ಸಾವಿರ ಪಿನ್ ಹುಡುಕೋ ಕಷ್ಟ ಇಲ್ಲ, 24ರಲ್ಲಿ ಒಂದು. ಈಗ ಆರಂಕಿ ಇಟ್ಟು, ಹಿಂದೆ ಮುಂದೆ ಸುಳ್ಳು ಅಂಕಿ ಸೇರಿಸಿ ಒತ್ತುತೀವಿ; ನಡುವೆ ಸರಿ ಪಿನ್ ಇದ್ರೆ ಸಾಕು, ತೆರೆಯುತ್ತೆ. ಫಿಟ್ಟರ್ ಹುಡುಗ ಫ್ಯಾಕ್ಟರಿಯ ಮಾಸ್ಟರ್ ಕೋಡನ್ನೂ (ಬೀಗದ ಸೆಟ್ಟಿಂಗ್ ಬದಲಿಸೋ ಮುಖ್ಯ ಪಿನ್) ಬದಲಿಸದೆ ಹಾಗೇ ಬಿಟ್ಟು ಹೋಗಿದ್ದ. ನನಗೆ ತಿಳಿದಿದ್ದು ಮೂರು ತಿಂಗಳಿಗೆ!

ಸೆಲ್ ಒಂದು ವರ್ಷ ಬರುತ್ತೆ ಅಂದಿದ್ರು, ನಮಗೆ ಬಂದಿದ್ದು ಐದು ತಿಂಗಳು. ಪೂರ್ತಿ ಬೀಗದ ತಪ್ಪಲ್ಲ. ಮಳೆಗಾಲಕ್ಕೆ ಬೇವಿನ ಬಾಗಿಲು ಉಬ್ಬಿ, ಬೋಲ್ಟ್ ತಿಕ್ಕಿ, ಮೋಟರ್ ತಿಣುಕುತ್ತೆ. ದುಡ್ಡು ಉಳಿಸೋಣ ಅಂತ ಚಾರ್ಜಿಂಗ್ ಸೆಲ್ ಹಾಕಿದೆ. ಅವು ಮಾಮೂಲಿ ಸೆಲ್ಲಿನಂತೆ 1.5 ಅಲ್ಲ, 1.2 ವೋಲ್ಟಿನವು, ತುಂಬಿದ್ರೂ 'ಬ್ಯಾಟರಿ ಕಡಿಮೆ' ಅಂತ ಒದರುತ್ತೆ. ಒಂದಿನ ಪೂರ್ತಿ ಸತ್ತೇ ಹೋಯ್ತು. ಕೀಲಿ ಒಳಗೆ ಅಲ್ಮೇರಾದಲ್ಲಿ, ಬೀಗ ಬಂದ ಡಬ್ಬಿಯಲ್ಲೇ! ಎದುರಂಗಡಿಯಿಂದ ಪವರ್ ಬ್ಯಾಂಕ್ ಇಸ್ಕೊಂಡು, ಕೆಳಗಿನ ಟೈಪ್-ಸಿಗೆ ಚುಚ್ಚಿ ಒಳಗೆ ಹೋದ್ವಿ. ಈಗ ಕೀಲಿ ಪಕ್ಕದ ಮನೆ ಅಕ್ಕನ ಹತ್ರ ಇರುತ್ತೆ.

ಇಷ್ಟೆಲ್ಲ ಬೈದರೂ ಕಿತ್ತುಹಾಕೋ ಮನಸ್ಸಿಲ್ಲ. ನಾವು ಹೊಸಪೇಟೆಗೆ ಹೋದಾಗ ಸಿರುಗುಪ್ಪದಿಂದ ತಂಗಿ ಬಂದ್ಲು, ಫೋನಲ್ಲೇ ಒಂದು ಸಲದ ಪಿನ್ ಕಳಿಸಿದೆ. ನಾವು ವಾಪಸ್ ಬರೋಷ್ಟರಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ರೆಡಿ. ರಾತ್ರಿ "ಬಾಗ್ಲ ಹಾಕಿಯೇನೋ?" ಅಂತ ಅವ್ವ ಕೇಳಿದ್ರೆ ಹಾಸಿಗೆಯಿಂದ ಏಳದೇ ಆಪ್ ನೋಡಿ ಹೇಳ್ತೀನಿ. ಆಯುಧಪೂಜೆಗೆ ಸೆನ್ಸರ್ ಮೇಲೇ ಅರಿಶಿನ ಕುಂಕುಮ ಹಚ್ಚಿದ್ಲು. ಎರಡು ದಿನ ಯಾರ ಬೆರಳಿಗೂ ತೆರೀಲಿಲ್ಲ, ಅವ್ವ ಮಾತ್ರ ನಗ್ತಿದ್ಲು.

ನಾನು ಕೊಟ್ಟಿದ್ದು 9,500 ರೂಪಾಯಿ. ಕೊಳ್ಳೋ ಮುಂಚೆ ಮನೆಯ ಹಿರಿಯರನ್ನ ಅಂಗಡಿಗೆ ಕರ್ಕೊಂಡು ಹೋಗಿ ಬೆರಳು ಒತ್ತಿಸಿ ನೋಡಿ. ಆಟೋಲಾಕ್ ನಾನು ಈಗ ಆಫ್ ಮಾಡಿದೀನಿ. ಊರಿಗೆ ಹೊರಟಾಗ ಅವ್ವ ಹೊರಗಿನ ಚಿಲಕಕ್ಕೆ ಹಳೇ ಬೀಗವನ್ನೂ ಜಡಿದು, ಎರಡು ಸಲ ಜಗ್ಗಿ ನೋಡಿಯೇ ಆಟೋ ಹತ್ತೋದು.