ಸಿಟಿಗೆ ಕಟ್ಟಿದ ಚಂದಾ, ಬಿಎಫ್‌ಸಿಗೆ ಕೊಂಡ ಟಿಕೆಟ್

ಫುಟ್‌ಬಾಲ್‌ಗೆ ಇಟ್ಟ ದುಡ್ಡನ್ನು ಮನೆಯಲ್ಲೇ ವಿದೇಶಿ ತಂಡದ ಆಟ ನೋಡುವ ಚಂದಾಕ್ಕೆ ಹಾಕಬೇಕೋ, ನಮ್ಮೂರ ತಂಡದ ಟಿಕೆಟ್‌ಗೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಂಗಳೂರಿನ ಕಂಠೀರವ ಸ್ಟೇಡಿಯಂನ ಟಿಕೆಟ್‌ಗೆ. ಆದರೆ ಕೆಲವು ವರ್ಷ ನಾನು ಎರಡಕ್ಕೂ ದುಡ್ಡು ಹಾಕಿದ್ದೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಆಟ ನೋಡಲು ಆ್ಯಪ್ ಒಂದಕ್ಕೆ ಚಂದಾ, ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಆಟಕ್ಕೆ ಟಿಕೆಟ್. ಎರಡೂ ಗೆದ್ದು ರೂಢಿ ಇರುವ ತಂಡಗಳೇ. ಗೆಲ್ಲುವ ತಂಡದ ಅಭಿಮಾನಿಗಳು ಮುದ್ದು ಜಾಸ್ತಿಯಾಗಿ ಕೆಟ್ಟ ಮಕ್ಕಳ ಹಾಗೆ ಅಂತ ಹೇಳುತ್ತಾರಲ್ಲ, ಅದು ನನ್ನ ವಿಷಯದಲ್ಲಿ ನಿಜವಾಯಿತು. ಕೆಟ್ಟಿದ್ದು ಮಾತ್ರ ಸೋಫಾದ ಮೇಲೆ ಕೂತು, ಸ್ಟೇಡಿಯಂನಲ್ಲಿ ಅಲ್ಲ.

ಅದು ನನಗೆ ಗೊತ್ತಾದ ದಿನ 2022ರ ಮೇ 22. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಕೊನೆಯ ಮ್ಯಾಚ್, ಎದುರಾಳಿ ಆಸ್ಟನ್ ವಿಲ್ಲಾ. ಸಿಟಿ 0–2 ಹಿಂದೆ ಬಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಟಿವಿ ಆಫ್ ಮಾಡಿ ಊಟಕ್ಕೆ ಕೂತೆ. 76ನೇ ನಿಮಿಷಕ್ಕೆ ಗುಂಡೋಗನ್ ಗೋಲ್ ಹೊಡೆದ. 78ಕ್ಕೆ ರೋಡ್ರಿ, 81ಕ್ಕೆ ಮತ್ತೆ ಗುಂಡೋಗನ್. 3–2ರಲ್ಲಿ ಗೆದ್ದು ಲೀಗ್ ಪಟ್ಟವೂ ಬಂತು. ನಾನು ಆಗ ಸಾರನ್ನ ಕಲಸುತ್ತಿದ್ದೆ. ತಂಡ ನಿಜವಾಗಿ ಕಷ್ಟಕ್ಕೆ ಸಿಕ್ಕ ಹತ್ತು ನಿಮಿಷ ಜೊತೆಗಿರಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಅದಕ್ಕೆ ಬೇಜಾರಿದೆ.

ಇನ್ನು ಆ ಆ್ಯಪ್‌ನ ಕಥೆ. ವರ್ಷದ ಚಂದಾ ಕಟ್ಟಿ, ಮನೆಯ ಇಂಟರ್‌ನೆಟ್ ಕೂಡ ಅದಕ್ಕಾಗಿಯೇ ಬದಲಾಯಿಸಿದೆ. ಚಿತ್ರ ಚೆನ್ನಾಗಿತ್ತು. ಆದರೆ ಆಟ ನಮ್ಮ ಟಿವಿಗೆ ಬರುವಷ್ಟರಲ್ಲಿ ಅರ್ಧ ನಿಮಿಷಕ್ಕಿಂತ ಹಳೆಯದಾಗಿರುತ್ತಿತ್ತು. ಗೋಲ್ ಆದ ಸುದ್ದಿ ಮೊದಲು ಫೋನಿಗೆ ಬರುತ್ತಿತ್ತು. ಟಿವಿಯಲ್ಲಿ ಇನ್ನೂ ಚೆಂಡು ಮಧ್ಯದ ಗೆರೆ ದಾಟಿರುತ್ತಿರಲಿಲ್ಲ. ಫೋನ್ ಸೈಲೆಂಟ್ ಮಾಡಿದೆ. ಆಗ ಕೆಳಗಿನ ಮನೆಯಿಂದ ಕೂಗು ಕೇಳಿಸಲು ಶುರುವಾಯಿತು, ಅವರದು ಬೇರೆ ಕನೆಕ್ಷನ್. ಕಿಟಕಿ ಮುಚ್ಚಿದೆ. ಆ್ಯಪ್‌ನವರಿಗೆ ಬರೆದೆ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ ಅಂತ ಉತ್ತರ ಬಂತು. ಮಾಡಿದೆ, ಏನೂ ಬದಲಾಗಲಿಲ್ಲ.

ಆದರೆ ನನ್ನನ್ನು ಕೊರೆದದ್ದು ಆ ಅರ್ಧ ನಿಮಿಷ ಅಲ್ಲ. ಕೆಲವು ತಿಂಗಳಾದ ಮೇಲೆ ನಾನೇ ಫೋನ್ ತಿರುಗಿಸಿ ಮೊದಲೇ ನೋಡಿಕೊಳ್ಳಲು ಶುರು ಮಾಡಿದ್ದೆ. ಗೋಲ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಟಿವಿ ಕಡೆ ನೋಡುವುದು. ಹೇಗೂ ಗೆಲ್ಲುತ್ತಾರೆ, ಯಾವಾಗ ಅನ್ನುವುದಷ್ಟೇ ಪ್ರಶ್ನೆ. 2023ರ ಜೂನ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಇಟಲಿಯ ಇಂಟರ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್. ರೋಡ್ರಿಯ ಒಂದೇ ಗೋಲ್, ಒಂದೇ ಸೀಸನ್‌ನಲ್ಲಿ ಮೂರನೇ ಕಪ್. ನಮ್ಮಲ್ಲಿ ನಡುರಾತ್ರಿ ದಾಟಿತ್ತು, ಮನೆಯವರೆಲ್ಲ ಮಲಗಿದ್ದರು. ಕಪ್ ಎತ್ತುವವರೆಗೂ ಕಾಯದೆ ಲೈಟ್ ಆರಿಸಿ ಮಲಗಿದೆ. ಅಂಥ ರಾತ್ರಿಯಲ್ಲೂ ಕಣ್ಣಲ್ಲಿ ನೀರು ಬರಲಿಲ್ಲ ಅಂದರೆ ನನ್ನೊಳಗೆ ಏನೋ ಹದ ತಪ್ಪಿದೆ ಅಂತಲೇ ಅಲ್ವಾ?

ಇದು ಸಿಟಿಯ ಎಲ್ಲ ಅಭಿಮಾನಿಗಳ ಮಾತಲ್ಲ. 1976ರಿಂದ 2011ರವರೆಗೆ ಆ ತಂಡ ದೊಡ್ಡ ಕಪ್ ಒಂದನ್ನೂ ಗೆದ್ದಿರಲಿಲ್ಲ. ಅಷ್ಟು ವರ್ಷಗಳ ಲೆಕ್ಕವನ್ನು ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಬ್ಯಾನರ್ ಮೇಲೆ ಬರೆದು ತಮ್ಮ ಸ್ಟೇಡಿಯಂನಲ್ಲಿ ತೂಗುಹಾಕಿದ್ದರು. 1999ರಲ್ಲಿ ಮೂರನೇ ದರ್ಜೆಯಿಂದ ಮೇಲೆ ಬರಲು ಗಿಲ್ಲಿಂಗಮ್ ವಿರುದ್ಧ ವೆಂಬ್ಲಿಯಲ್ಲಿ ಆಡಿದಾಗ, 90ನೇ ನಿಮಿಷದ ಹೊತ್ತಿಗೆ 0–2 ಹಿಂದಿತ್ತು. ಡಿಕೋವ್ 95ನೇ ನಿಮಿಷದಲ್ಲಿ ಸಮ ಮಾಡಿದ, ಪೆನಾಲ್ಟಿಯಲ್ಲಿ ಗೆದ್ದರು. ಅವತ್ತು ಅಲ್ಲಿ ನಿಂತಿದ್ದವರಿಗೆ ಇವತ್ತಿನ ಪ್ರತಿ ಕಪ್ಪೂ ಹಬ್ಬ. ನಾನು ಹಬ್ಬದ ಊಟಕ್ಕೆ ಮಾತ್ರ ಬಂದು ಕೂತವನು.

ಈಗ ಕಂಠೀರವ. ಬಿಎಫ್‌ಸಿ ಕೂಡ ನಮ್ಮನ್ನು ಮುದ್ದು ಮಾಡಿ ಬೆಳೆಸಿದ ತಂಡವೇ. 2013ರಲ್ಲಿ ಹುಟ್ಟಿ, ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಮೊದಲ ದರ್ಜೆಯ ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್ ತಲುಪಿತು, ಅದಕ್ಕೂ ಮೊದಲು ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಹೋಗಿರಲಿಲ್ಲ. 2018–19ರಲ್ಲಿ ಮುಂಬೈನಲ್ಲಿ ಗೋವಾ ವಿರುದ್ಧ ಎಕ್ಸ್‌ಟ್ರಾ ಟೈಮ್‌ನಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಬಂತು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಸಿಕ್ಕರೆ ಯಾರಿಗಾದರೂ ಅಭ್ಯಾಸ ಆಗುತ್ತದೆ.

ಆದರೂ ನನಗೆ ಮೊದಲು ನೆನಪಾಗುವುದು ಎರಡು ಸೋಲಿನಂಥ ದಿನಗಳು. 2015ರ ಮೇ 31, ಐ-ಲೀಗ್‌ನ ಕೊನೆಯ ಮ್ಯಾಚ್‌ಗೆ ಕೋಲ್ಕತ್ತಾದ ಮೋಹನ್ ಬಾಗಾನ್ ಬಂದಿತ್ತು. ನಮಗೆ ಗೆಲುವೇ ಬೇಕು, ಅವರಿಗೆ ಡ್ರಾ ಸಾಕು. ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷದಲ್ಲಿ ಅವರ ಬೆಲ್ಲೊ ರಜಾಕ್ ತಲೆಯಿಂದ ಗೋಲ್ ಹೊಡೆದ, ಆಟ ಡ್ರಾ ಆಗಿ ಲೀಗ್ ಅವರ ಪಾಲಾಯಿತು. 2018ರ ಮಾರ್ಚ್ 17, ಐಎಸ್‌ಎಲ್ ಫೈನಲ್ ನಮ್ಮ ಕಂಠೀರವದಲ್ಲೇ. ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲ್ ಹೊಡೆದ. ಕೊನೆಗೆ ಚೆನ್ನೈಯಿನ್ ಎದುರು 2–3. ಎರಡೂ ದಿನ ನಾನು ಕೊನೆಯ ಸೀಟಿಯವರೆಗೂ ಇದ್ದೆ. ಎದ್ದು ಹೋಗಬೇಕು ಅಂತ ಅನಿಸಲೇ ಇಲ್ಲ. ಪಕ್ಕದಲ್ಲಿ ಹೆಸರೂ ಗೊತ್ತಿಲ್ಲದವನು ಇನ್ನೂ ಕೂಗುತ್ತಿರುತ್ತಾನೆ. ನಮ್ಮ ಅಭಿಮಾನಿಗಳ ಗುಂಪು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಹಾಡು ನಿಂತಿರುವುದಿಲ್ಲ. ಅದರ ನಡುವೆ ಒಬ್ಬನೇ ಹೇಗೆ ಎದ್ದು ಬರುವುದು?

ಇಲ್ಲಿಯೂ ಕೆಟ್ಟವರಿದ್ದಾರೆ. 2023–24ರಲ್ಲಿ ನಾವು ಹನ್ನೆರಡು ತಂಡಗಳಲ್ಲಿ ಹತ್ತನೆಯವರಾದೆವು. ನಮ್ಮ ಸಾಲಿನಲ್ಲೇ ಸೀಟು ಖಾಲಿಯಾಗುತ್ತಾ ಹೋಯಿತು. ಉಳಿದ ನಾವು ಕೆಲವರು ಆ ವರ್ಷವೇ ಪರಿಚಯವಾದೆವು. ನನ್ನ ಬಳಿ ಈಗ ಇರುವ ಫುಟ್‌ಬಾಲ್ ಗೆಳೆಯರೆಲ್ಲ ಆ ಹತ್ತನೇ ಸ್ಥಾನದ ಸೀಸನ್ ಕೊಟ್ಟವರು.

ಸ್ಟೇಡಿಯಂ ಬಗ್ಗೆ ಒಂದು ದೂರು: ಸುತ್ತ ಓಟದ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತದೆ. ಟಿವಿಯಲ್ಲಿ ಜಾಸ್ತಿ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಅನುಮಾನವಿಲ್ಲ. ಗಾಡಿ ನಿಲ್ಲಿಸುವ ಗೋಜು ಬೇಡ, ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆಯಿರಿ. ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ ಅಂದುಕೊಂಡೇ ಹೋಗಿ.

ತೀರ್ಮಾನಕ್ಕೆ ಬರಲು ಕಾರಣ ಅಕ್ಕನ ಮಗ. ಅವನಿಗೆ ಹತ್ತು ವರ್ಷ, ಹುಟ್ಟಿದಾಗಿನಿಂದ ಸಿಟಿ ಗೆಲ್ಲುವುದನ್ನೇ ನೋಡಿದವನು. 2024ರ ಅಕ್ಟೋಬರ್ ಕೊನೆಗೆ ಸಿಟಿ ಸೋಲಲು ಶುರುವಾಗಿ ಒಂದರ ಹಿಂದೆ ಒಂದು ಐದು ಮ್ಯಾಚ್ ಸೋತಿತು. ನಾನು ಕೊಡಿಸಿದ್ದ ಜೆರ್ಸಿ ಮಡಚಿಟ್ಟು, "ಮಾಮ, ಈ ಸಲ ಲಿವರ್‌ಪೂಲ್‌ದು ಕೊಡಿಸ್ತೀಯಾ?" ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಟಿವಿ ಆಫ್ ಮಾಡಿದವನು ನಾನೇ ತಾನೇ. ಮುಂದಿನ ಮಾರ್ಚ್ 29ಕ್ಕೆ ಅವನನ್ನು ಕಂಠೀರವಕ್ಕೆ ಕರೆದುಕೊಂಡು ಹೋದೆ. ಮುಂಬೈ ಸಿಟಿ ವಿರುದ್ಧ ನಾವು 5–0ಕ್ಕೆ ಗೆದ್ದೆವು, ಗಂಟಲು ಕಟ್ಟುವವರೆಗೂ ಕೂಗಿದ. ಎರಡು ವಾರದ ನಂತರ ಕೋಲ್ಕತ್ತಾದಲ್ಲಿ ಐಎಸ್‌ಎಲ್ ಫೈನಲ್. ಮೋಹನ್ ಬಾಗಾನ್ ಎಕ್ಸ್‌ಟ್ರಾ ಟೈಮ್‌ನಲ್ಲಿ 2–1ಕ್ಕೆ ಗೆದ್ದಿತು. ಹುಡುಗ ದಿಂಬಿಗೆ ಮುಖ ಒತ್ತಿ ಅತ್ತ. ಬೇರೆ ತಂಡದ ಜೆರ್ಸಿ ಕೇಳಲಿಲ್ಲ. "ಮುಂದಿನ ಮ್ಯಾಚ್ ಯಾವಾಗ ಮಾಮ?" ಅಂತ ಕೇಳಿದ.

ಎರಡಕ್ಕೂ ದುಡ್ಡು ಹಾಕುವಷ್ಟು ಬಜೆಟ್ ಈಗ ನನಗಿಲ್ಲ. ವಾರದ ದಿನ ನಡುರಾತ್ರಿ ಎದ್ದಿರುವುದೂ ಈಗ ಆಗದು. ದಿನಾ ರಾತ್ರಿ ಒಳ್ಳೆಯ ಫುಟ್‌ಬಾಲ್ ನೋಡಲೇಬೇಕು ಅನ್ನುವವರು, ಬೆಂಗಳೂರಿನಿಂದ ದೂರ ಇರುವವರು ಚಂದಾ ಕಟ್ಟಿ. ನಾನು ಆ್ಯಪ್ ನಿಲ್ಲಿಸಿದ್ದೇನೆ. ಆ ದುಡ್ಡು ಇನ್ನು ಮೇಲೆ ಎರಡು ಟಿಕೆಟ್‌ಗೆ, ಒಂದು ಅವನದು.