ಮ್ಯೂಸಿಯಂ ಅಂತ ಅಂಗಡಿಗೆ ಕರೆದೊಯ್ಯುತ್ತಾರೆ, ಹುಷಾರು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ತೋರಿಸಲು ಊರಿಂದ ಹಿರಿಯರನ್ನು ಕರೆತರುವವರು ದಯವಿಟ್ಟು ಇದನ್ನು ಓದಿ.

ನಮ್ಮಪ್ಪ ಮದ್ದೂರು ಕಡೆಯವರು. ಆತಕೂರಿನ ಕಲ್ಲನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಎಷ್ಟೋ ವರ್ಷದ ಆಸೆ. ನಮ್ಮ ತಾಲ್ಲೂಕಿನ ಆ ಶಾಸನ ಇರುವುದು ಈ ಮ್ಯೂಸಿಯಂನಲ್ಲೇ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಹೋರಾಡಿದ ಮಣಲೆರ ಅನ್ನೋ ವೀರನಿಗೆ ಗಂಗರ ದೊರೆ ಬೂತುಗ 'ಏನು ಬೇಕೋ ಕೇಳು' ಅಂದ. ಅವನು ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಾಗ ನಿಲ್ಲಿಸಿದ ಕಲ್ಲು ಅದು. ಮೇಲೆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನ ಬಾಯಲ್ಲಿ ಇದೇ ಮಾತು.

ಮೆಜೆಸ್ಟಿಕ್‌ನಲ್ಲಿ ಆಟೋ ಹತ್ತಿದೆವು. "ಯಜಮಾನ್ರೇ, ಆ ಮ್ಯೂಸಿಯಂ ಇವತ್ತು ರಜಾ. ಇನ್ನೊಂದಿದೆ, ಅರಮನೆ ಸಾಮಾನೆಲ್ಲ ಇಟ್ಟಿದ್ದಾರೆ, ಟಿಕೆಟ್ಟೂ ಇಲ್ಲ" ಅಂದ ಡ್ರೈವರ್. ನಾವು ನಂಬಿದೆವು.

ಮೊದಲ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಹಳೇ ಕತ್ತಿ, ಬೀಟೆಮರದ ಕೆತ್ತನೆ. ಎರಡನೇ ಕೋಣೆಯಲ್ಲಿ ಎಲ್ಲದಕ್ಕೂ ಬೆಲೆಚೀಟಿ! ಅಲ್ಲಿನವರು ಬಾಗಿಲಿಗೆ ಅಡ್ಡ ನಿಂತು ಗಂಧದ ಕೆತ್ತನೆ ಮಾಡುವ ಸಾಗರದ ಗುಡಿಗಾರರ ಕಥೆ ಹೇಳುತ್ತಾ ಅಪ್ಪನ ಕೈಗೆ ಗಂಧದ ಆನೆ ಕೊಟ್ಟರು. ಘಮ ಅಂತಿತ್ತು. ಸಂಕೋಚಕ್ಕೆ ಬಿದ್ದು ಅಪ್ಪ 3,500 ರೂಪಾಯಿ ಕೊಟ್ಟರು. ಬಿಲ್ಲಿನಲ್ಲಿ ಬರೆದಿದ್ದು ಬರೀ 'ಮರದ ಗೊಂಬೆ'.

ನನಗೆ ಅನುಮಾನ ಬಂದು ಕಸ್ತೂರ್ಬಾ ರಸ್ತೆಗೆ ಹೋದರೆ ಆಗಲೇ ಗೇಟು ಹಾಕುತ್ತಿದ್ದರು. "ರಜಾನಾ? ಬೆಳಗ್ಗೆಯಿಂದ ತೆರೆದೇ ಇತ್ತಲ್ಲ" ಅಂದರು ಕಾವಲಿನವರು. ಅಪ್ಪ ಕಂಬಿ ಹಿಡಿದು ಆ ಕೆಂಪು ಕಟ್ಟಡ ನೋಡುತ್ತಾ ನಿಂತರು. ಒಂದು ಮಾತೂ ಆಡಲಿಲ್ಲ. ದುಡ್ಡಿಗಿಂತ ಜಾಸ್ತಿ ನನ್ನನ್ನು ಸುಡುತ್ತಿರುವುದು ಅದು.

ಹದಿನೈದು ದಿನಕ್ಕೆ ಆನೆಯ ಘಮ ಹೋಯಿತು. ಕಾಲಿನ ಅಡಿಯಲ್ಲಿ ಚಾಕುವಿನಿಂದ ಕೆರೆದೆ. ಒಳಗೆಲ್ಲ ಬಿಳಿ ಮರ, ವಾಸನೆಯೇ ಇಲ್ಲ. ಸುಮ್ನೆ ಮೇಲೆ ಎಣ್ಣೆ ಸವರಿದ್ದರು. ನಿಜವಾದ ಗಂಧದ ಚೇಗು, ಅಂದರೆ ಮರದ ಒಳತಿರುಳು, ಕೆರೆದಷ್ಟೂ ಘಮ ಬಿಡುತ್ತದೆ ಅಲ್ವಾ?

ಯಾರಾದರೂ 'ಇವತ್ತು ರಜಾ' ಅಂದರೆ ಗೇಟಿನವರೆಗೂ ಹೋಗಿ ನೀವೇ ನೋಡಿ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಗಂಧದ ಸಾಮಾನು ಬೇಕಿದ್ದರೆ ಎಂ.ಜಿ. ರಸ್ತೆಯಲ್ಲಿ ಸರ್ಕಾರದ ಕಾವೇರಿ ಮಳಿಗೆ ಇದೆ. ಎಲ್ಲಿ ಕೊಂಡರೂ ಬಿಲ್ಲಿನಲ್ಲಿ 'ಶ್ರೀಗಂಧ' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲೇ ಇಟ್ಟು ಬನ್ನಿ.

ಬರುವ ತಿಂಗಳು ಅಪ್ಪನನ್ನು ಮತ್ತೆ ಕರೆದುಕೊಂಡು ಬರುತ್ತಿದ್ದೇನೆ. ಬೆಳಗ್ಗೆಯೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತೇವೆ.