ಕಾರವಾರದಿಂದ ದುಬೈಗೆ: ನನಗಂತೂ ಮಂಗಳೂರೇ ಸರಿ

ಮಗಳ ಮನೆಗೆ ದುಬೈಗೆ ಮೂರು ಸಲ ಹೋಗಿದ್ದೇನೆ, ಮೂರು ದಾರಿಯಲ್ಲಿ. ಮೊದಲು ಗೋವಾ, ಮುಂಬೈ ಮೇಲೆ. ಆಮೇಲೆ ಬೆಂಗಳೂರು. ಕೊನೆಗೆ ಮಂಗಳೂರು. ಇನ್ನು ಮುಂದೆ ಮಂಗಳೂರು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ನಕ್ಷೆ ನೋಡಿದರೆ ದುಬೈಗೆ ಹತ್ತಿರ ಮುಂಬೈಯೇ. ಸುಮಾರು 1,930 ಕಿ.ಮೀ., ವಿಮಾನದಲ್ಲಿ ಮೂರೂಕಾಲು ಗಂಟೆ. ಮಂಗಳೂರಿಂದ 2,460 ಕಿ.ಮೀ., ನಾಲ್ಕು ಗಂಟೆಯ ಹತ್ತಿರ. ಬೆಂಗಳೂರಿಂದ ಸುಮಾರು 2,700, ನಾಲ್ಕು ಗಂಟೆ ದಾಟುತ್ತದೆ. ಮುಂಬೈ ಅಂದರೆ ಬೇಗ ಮುಟ್ಟುತ್ತೇವೆ ಅಂತ ಮೊದಲ ಸಲ ಅದನ್ನೇ ಆರಿಸಿದೆ. ಟಿಕೆಟ್ ಕೂಡ ಅಗ್ಗ ಇತ್ತು.

ಮಗಳ ಬಾಣಂತನಕ್ಕೆ ಹೊರಟಿದ್ದೆ. ಎರಡು ದೊಡ್ಡ ಬ್ಯಾಗು. ಒಂದರಲ್ಲಿ ಅಂಟಿನುಂಡೆ, ಮುರುಗಲು ಸಿಪ್ಪೆ, ಶಿರಸಿಯ ತಂಗಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ. (ಉಂಡೆಗೆ ಗಸಗಸೆ ಹಾಕಿರಲಿಲ್ಲ. ಅಲ್ಲಿ ಗಸಗಸೆ ನಿಷೇಧ, ಒಂದು ಚಿಟಿಕೆಯೂ ಒಯ್ಯಬೇಡಿ.) ಗೋವಾದಿಂದ ಮುಂಬೈಗೆ ಒಂದು ಟಿಕೆಟ್, ಅಲ್ಲಿಂದ ದುಬೈಗೆ ಬೇರೆಯೇ ಟಿಕೆಟ್. ಹಾಗಾಗಿ ಮುಂಬೈಯಲ್ಲಿ ಬ್ಯಾಗು ಇಳಿಸಿಕೊಂಡು ಮತ್ತೆ ಕೊಡಬೇಕು. ಅದೂ ಅಲ್ಲೇ ಅಲ್ಲ. ನಾನು ಇಳಿದದ್ದು ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1ರಲ್ಲಿ. ದುಬೈ ವಿಮಾನ ಸಹಾರ್ ಕಡೆಯ ಟರ್ಮಿನಲ್ 2ರಿಂದ. ಹೆಸರಿಗೆ ಒಂದೇ ವಿಮಾನ ನಿಲ್ದಾಣ. ಒಂದರಿಂದ ಇನ್ನೊಂದಕ್ಕೆ ಹೊರಗಿನ ರಸ್ತೆಯಲ್ಲೇ ಹೋಗಬೇಕು.

ಸಂಜೆ ಹೊತ್ತು, ಸಾಲುಸಾಲು ವಾಹನ. ಟ್ಯಾಕ್ಸಿಯವನು ಬ್ಯಾಗು ಎತ್ತಿ ಡಿಕ್ಕಿಯಲ್ಲಿ ಕುಕ್ಕಿದ. ಇಳಿದು ನೋಡಿದರೆ ಜಿಪ್‌ ಹತ್ತಿರ ಬಟ್ಟೆ ಕೆಂಪಾಗಿದೆ, ಜೀರಿಗೆ ಮಾವಿನ ಸೊನೆಯ ವಾಸನೆ ಗಮ್ ಅಂತ ಬರುತ್ತಿದೆ. ಡಬ್ಬಿ ಒಡೆದಿತ್ತು. ಮಗುವಿಗೆಂದು ಒಗೆದು ಮಡಚಿಟ್ಟ ಹಳೇ ಹತ್ತಿ ಸೀರೆ ತುಂಡುಗಳಿಗೆಲ್ಲ ಉಪ್ಪಿನಕಾಯಿ ರಸ ಇಳಿದಿತ್ತು. ಅಲ್ಲೇ ನೆಲದ ಮೇಲೆ ಕೂತು ಬ್ಯಾಗು ಬಿಚ್ಚಿದೆ. ಕಣ್ಣಲ್ಲಿ ನೀರು ಬಂತು. ಮನೆ ಬಿಟ್ಟು ಮಗಳ ಮನೆ ಸೇರುವಷ್ಟರಲ್ಲಿ ಹತ್ತೊಂಬತ್ತು ತಾಸು.

ಬೆಂಗಳೂರಿನದು ಚುಟುಕಾಗಿ ಹೇಳುತ್ತೇನೆ. ಪಂಚಗಂಗಾ ರೈಲಿನಲ್ಲಿ ಇಡೀ ರಾತ್ರಿ, ಆಮೇಲೆ ದೇವನಹಳ್ಳಿ ತನಕ ಟ್ಯಾಕ್ಸಿ. ವಿಮಾನ ಬೇಕಾದಷ್ಟಿವೆ. ರೈಲೇ ಇಲ್ಲದ ಶಿರಸಿಯ ನನ್ನ ತಂಗಿಗೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವುದೇ ಸಲೀಸು. ಕರಾವಳಿಯ ನಮಗೆ ಅದು ಸುಮ್ನೆ ಸುತ್ತು.

ಮಂಗಳೂರಿಗೆ ರೈಲಿನಲ್ಲಿ ಐದು ತಾಸು ಅಷ್ಟೇ. ಬಜ್ಪೆಯಲ್ಲಿ ಬ್ಯಾಗು ಒಮ್ಮೆ ಕೊಟ್ಟರೆ ಮತ್ತೆ ಮುಟ್ಟುವುದು ದುಬೈಯಲ್ಲೇ. ನಮ್ಮ ಮನೆಯವರಿಗೆ ಮಾತ್ರ ಬಜ್ಪೆ ಅಂದರೆ ಅಳುಕು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಹೋದರು. ಆ ದಿನ ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವಂಥದ್ದಲ್ಲ. ಇಳಿಯುವಾಗ ನಾನೂ ಕೈ ಮುಗಿದೇ ಕೂತಿದ್ದೆ.

ಟಿಕೆಟ್‌ನಲ್ಲಿ ಬರೆದ ಸಮಯ ನೋಡಿ ಮೋಸ ಹೋಗಬೇಡಿ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಹೋಗುವಾಗ ಎರಡೂವರೆ ತಾಸಿನ ದಾರಿ ಅನ್ನಿಸುತ್ತದೆ, ಬರುವಾಗ ಐದೂ ದಾಟಿದ ಹಾಗೆ ಕಾಣುತ್ತದೆ. ನಿಜವಾಗಿ ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಬೆನ್ನಿಗಿರುವುದರಿಂದ ಬರುವುದೇ ಬೇಗ.

ಮಂಗಳೂರಿನ ಟಿಕೆಟ್‌ಗೆ ನಾನು ಮೂರು ಸಾವಿರ ಜಾಸ್ತಿ ಕೊಟ್ಟೆ. ವರ್ಷಕ್ಕೊಮ್ಮೆ ಹೋಗುವವಳು, ಕೊಡಬಹುದು. ಆ ಸಲ ಅಪ್ಪೆಮಿಡಿ ಡಬ್ಬಿ ಮಗಳ ಅಡುಗೆಮನೆಯಲ್ಲೇ ಬಿಚ್ಚಿದೆವು, ಒಂದು ಹನಿಯೂ ಚೆಲ್ಲಿರಲಿಲ್ಲ.